ಕುಯ್ಲಿನ ಹಗಲಲ್ಲಿ ಕೂಸಿಗೆ ಉಣಿಸುವವರು ಯಾರು?

ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಬೇಯಿಸಿದ ಗಟ್ಟಿ ಆಹಾರ ಉಣಿಸಬೇಕು. ಒಂಬತ್ತು ತಿಂಗಳಾದ ಮೇಲೆ ಅದು ಮೂರು ನಾಲ್ಕು ಸಲವಾಗಬೇಕು, ನಡುವೆ ಒಂದೆರಡು ಸಲ ಏನಾದರೂ ತಿನಿಸು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳುವುದೂ ಇದನ್ನೇ. ಕೂಸಿನ ಹೊಟ್ಟೆ ಸಣ್ಣದು, ಒಂದೇ ಸಲ ಹೆಚ್ಚು ಹಿಡಿಯುವುದಿಲ್ಲ. ಎರಡು ತುತ್ತು ತಿಂದು ಮುಖ ತಿರುಗಿಸುತ್ತದೆ. ಅದರ ಮುಂದೆ ಯಾರಾದರೂ ಕೂತು, ಪುಸಲಾಯಿಸಿ, ಅರ್ಧ ಗಂಟೆ ಕೊಡಬೇಕು. ಇನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳಲ್ಲಿ ನವೆಂಬರಿನಿಂದ ಮಾರ್ಚ್‌ವರೆಗಿನ ದಿನವನ್ನು ನೋಡಿ. ಮೊದಲು ಅರೇಬಿಕ ಕಾಫಿಯ ಕುಯ್ಲು, ಆಮೇಲೆ ರೊಬಸ್ಟದ್ದು. ಬೆಳಿಗ್ಗೆ ಎಂಟರ ಹೊತ್ತಿಗೆ ಹೆಂಗಸರು ಚೀಲ ಕಟ್ಟಿಕೊಂಡು ಗಿಡದ ಮುಂದೆ ಇರಬೇಕು. ಹಣ್ಣು ತೂಗಿಸಿ, ಲೆಕ್ಕ ಬರೆಸಿ, ತೋಟದ ಕೂಲಿಗಳ ಲೈನ್ ಮನೆಗೆ ಮರಳುವಾಗ ಸಂಜೆಯಾಗಿರುತ್ತದೆ. ಕೂಸಿಗೆ ಉಣಿಸಬೇಕಾದ ಹೊತ್ತು ಬಹುಪಾಲು ಬರುವುದು ಈ ಹಗಲಿನ ಒಳಗೇ. ಎಳೆಯ ಮಕ್ಕಳ ರಕ್ತಹೀನತೆಯ ಬಗ್ಗೆ ನಡೆಯುವ ಮಾತೆಲ್ಲ ಕಬ್ಬಿಣದ ಸಿರಪ್ಪು, ಮಾತ್ರೆ, ಸೊಪ್ಪು, ತಾಯಂದಿರ ತಿಳಿವಳಿಕೆ ಇವುಗಳ ಸುತ್ತಲೇ ಸುತ್ತುತ್ತದೆ. ಈ ಬೆಟ್ಟಗಳ ಮಟ್ಟಿಗೆ ನನ್ನ ವಾದ ಬೇರೆ. ಮಗುವಿನ ರಕ್ತದಲ್ಲಿ ಕಾಣುವ ಕೊರತೆ ತಾಯಿಯ ಹೊತ್ತು, ಅವಳ ಕೂಲಿ, ಆ ಎರಡರ ಮೇಲೂ ಅವಳಿಗಿರುವ ಹಿಡಿತ ಇವುಗಳಿಗೆ ಕಟ್ಟುಬಿದ್ದಿದೆ. ಅದನ್ನು ಮುಟ್ಟದೆ ಹಂಚಿದ ಸಿರಪ್ಪಿನಿಂದ ಆಗುವುದು ಅರ್ಧ ಕೆಲಸ.

ಮೊದಲು ಅಂಕಿಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಕಂಡಿತು. ನಾಲ್ಕು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು. ಅದೇ ಅವಧಿಯಲ್ಲಿ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಶೇ 44.8ರಿಂದ 47.8ಕ್ಕೆ ಏರಿತು. ಹೆಂಗಸರದೂ ಮಕ್ಕಳದೂ ಒಟ್ಟಿಗೆ ಏರಿದ್ದು ಗಮನಿಸಬೇಕಾದ ಸಂಗತಿ. ಈ ಅಂಕಿಗಳ ಬಗ್ಗೆ ತಜ್ಞರಲ್ಲೇ ತಕರಾರಿದೆ, ಅದು ಹುರುಳಿಲ್ಲದ ತಕರಾರೂ ಅಲ್ಲ. ಸಮೀಕ್ಷೆಯವರು ಬೆರಳ ತುದಿ ಚುಚ್ಚಿ ತೆಗೆದ ಹನಿ ರಕ್ತವನ್ನು ಪರೀಕ್ಷಿಸಿದರು. ರಕ್ತನಾಳದಿಂದಲೇ ರಕ್ತ ತೆಗೆದು ಅಳೆದ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಮಕ್ಕಳ ರಕ್ತಹೀನತೆ ದೇಶದ ಮಟ್ಟದಲ್ಲಿ ಶೇ 41ರ ಆಸುಪಾಸಿಗೆ ಇಳಿಯಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳ ಮಿತಿಯನ್ನು ಡೆಸಿಲೀಟರಿಗೆ 11 ಗ್ರಾಂ ಹಿಮೋಗ್ಲೋಬಿನ್‌ನಿಂದ 10.5 ಗ್ರಾಮಿಗೆ ತಗ್ಗಿಸಿದೆ. ಹಾಗಾಗಿ ಮೂರರಲ್ಲಿ ಎರಡು ಮಕ್ಕಳು ಎಂಬುದು ಹೆಚ್ಚಿನ ಅಂದಾಜಿರಬಹುದು. ಐದರಲ್ಲಿ ಎರಡು ಎಂದೇ ಇಟ್ಟುಕೊಳ್ಳೋಣ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಐದರಲ್ಲಿ ಎರಡು ಮಕ್ಕಳ ರಕ್ತ ಬಡವಾಗಿದ್ದರೆ ಅದು ಸಣ್ಣ ಮಾತೇನಲ್ಲ. ಅಳತೆಗೋಲು ಬದಲಾದರೆ ಒಟ್ಟು ಸಂಖ್ಯೆ ಇಳಿದೀತು. ಯಾರ ಮನೆಯ ಮಕ್ಕಳಲ್ಲಿ ಕೊರತೆ ಹೆಚ್ಚು ಎಂಬ ಚಿತ್ರ ಅದರಿಂದ ಅಳಿಸಿಹೋಗುವುದಿಲ್ಲ.

ಆ ಚಿತ್ರದ ಬಗ್ಗೆ ಕರ್ನಾಟಕದಲ್ಲೇ ನಡೆದ ಒಳ್ಳೆಯ ಅಧ್ಯಯನವೊಂದಿದೆ. ರಾಜ್ಯದ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ 12ರಿಂದ 23 ತಿಂಗಳ ಮಕ್ಕಳ ರಕ್ತವನ್ನು ಪರೀಕ್ಷಿಸಿ, ಸಂತ್‌ರೇನ್ ಪಸ್ರೀಚ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅವರು ಹಿಮೋಗ್ಲೋಬಿನ್ ಒಂದನ್ನೇ ನೋಡಿ ಬಿಡಲಿಲ್ಲ. ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ಸೂಚಿಸುವ ಫೆರಿಟಿನ್, ಮಗು ತಿನ್ನುವ ಆಹಾರ, ಮನೆಯ ಆಸ್ತಿಪಾಸ್ತಿ, ತಾಯಿಯ ರಕ್ತ ಎಲ್ಲವನ್ನೂ ಪರಿಶೀಲಿಸಿದರು. 401 ಮಕ್ಕಳಲ್ಲಿ ಶೇ 75.3 ಮಂದಿಗೆ ರಕ್ತಹೀನತೆ ಇತ್ತು. ಮುಖ್ಯ ಕಾರಣ ಕಬ್ಬಿಣದ ಕೊರತೆಯೇ. ಆದರೆ ಅದರ ಜೊತೆಜೊತೆಗೆ ತಾಯಿಯ ಹಿಮೋಗ್ಲೋಬಿನ್, ಕುಟುಂಬದ ಬಡತನ, ಮನೆಯಲ್ಲಿ ಊಟಕ್ಕೆ ಖಾತ್ರಿಯಿಲ್ಲದ ಸ್ಥಿತಿ ಇವೂ ಮಗುವಿನ ರಕ್ತದ ಮಟ್ಟಕ್ಕೆ ತಳಕು ಹಾಕಿಕೊಂಡಿದ್ದವು. ಇನ್ನೊಂದು ಸಂಗತಿಯನ್ನು ಓದುವಾಗ ಎಚ್ಚರ ಬೇಕು. ಒಂದು ವರ್ಷ ದಾಟಿದ ಮೇಲೂ ಎದೆಹಾಲು ಕುಡಿಯುತ್ತಿದ್ದ ಮಕ್ಕಳಲ್ಲಿ ಫೆರಿಟಿನ್ ಕಡಿಮೆ ಇತ್ತು. ಎದೆಹಾಲು ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಗಟ್ಟಿ ಆಹಾರ ಸೇರಬೇಕಾದ ಕಡೆ ಹಾಲೊಂದೇ ಉಳಿದಿತ್ತು ಎಂಬ ಸೂಚನೆ ಅದರಲ್ಲಿದೆ. ದಿನವಿಡೀ ದುಡಿದು ದಣಿದು ಬಂದ ತಾಯಿಗೆ ಅಳುವ ಕೂಸನ್ನು ಎದೆಗೆ ಹಾಕಿಕೊಳ್ಳುವುದು ಸುಲಭ. ಆ ಹೊತ್ತಿನಲ್ಲಿ ಒಲೆ ಹೊತ್ತಿಸಿ, ಬೇಳೆ ಬೇಯಿಸಿ, ಸೊಪ್ಪು ಮಸೆದು, ತುತ್ತು ತುತ್ತಾಗಿ ಉಣಿಸುವುದು ಸುಲಭವಲ್ಲ.

ತಾಯಿಯಿಂದ ಮಗುವಿಗೆ ಕೊರತೆ ದಾಟುವ ದಾರಿ ಹುಟ್ಟಿನ ಮೊದಲೇ ತೆರೆದಿರುತ್ತದೆ. ತಿಂಗಳು ತುಂಬಿ, ಸರಿಯಾದ ತೂಕದಲ್ಲಿ ಹುಟ್ಟಿದ ಕೂಸು ಮೊದಲ ಆರು ತಿಂಗಳಿಗೆ ಬೇಕಾದ ಕಬ್ಬಿಣವನ್ನು ಬುತ್ತಿಯ ಹಾಗೆ ಕಟ್ಟಿಸಿಕೊಂಡೇ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಇರುವುದು ತೀರಾ ಕಡಿಮೆ. ಮೈಗೆ ಚೆನ್ನಾಗಿ ಹತ್ತುತ್ತದಾದರೂ ಆರು ತಿಂಗಳ ಮೇಲೆ ಅದೊಂದೇ ಸಾಲದು. ಆ ಬುತ್ತಿ ಎಷ್ಟು ದೊಡ್ಡದು ಎಂಬುದು ಬಸುರಿನ ದಿನಗಳ ಮೇಲೆ ನಿಂತಿದೆ. ಒಂದು ಬಸುರಿಗೆ ಒಟ್ಟು ಸುಮಾರು 1 ಗ್ರಾಂ ಕಬ್ಬಿಣ ಬೇಕು. ಗರ್ಭದ ಕೂಸು ತಾಯಿಯ ಸಂಗ್ರಹ ಬರಿದಾಗುತ್ತಿದ್ದರೂ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಅಲ್ಪಸ್ವಲ್ಪ ರಕ್ತಹೀನತೆ ಇರುವ ತಾಯಿಗೂ ತಕ್ಕಮಟ್ಟಿನ ಸಂಗ್ರಹವಿರುವ ಮಗು ಹುಟ್ಟೀತು. ಆದರೆ ಕೊರತೆ ತೀವ್ರವಾಗಿದ್ದರೆ, ಹದಿನೆಂಟು ತುಂಬುವ ಮೊದಲೇ ಮದುವೆಯಾಗಿ ತನ್ನ ಮೈಯೇ ಬೆಳೆಯುತ್ತಿರುವ ಹುಡುಗಿ ಬಸುರಾದರೆ, ಒಂದು ಮಗು ಎದೆಯಲ್ಲಿರುವಾಗಲೇ ಇನ್ನೊಂದು ನಿಂತರೆ, ದಿನ ತುಂಬದೆ ಸಣ್ಣ ತೂಕದ ಕೂಸು ಹುಟ್ಟಿದರೆ ಸಂಗ್ರಹ ಬೇಗ ಮುಗಿಯುತ್ತದೆ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21.3 ಮಂದಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ಎಂದು 2019–21ರ ಸಮೀಕ್ಷೆ ಹೇಳುತ್ತದೆ. ಮದುವೆಯ ವಯಸ್ಸು, ಎರಡು ಹೆರಿಗೆಗಳ ನಡುವಿನ ಅಂತರ, ಬಸುರಿಯಾಗಿ ಯಾವ ತಿಂಗಳವರೆಗೆ ಹೊರೆ ಹೊರಬೇಕಾಯಿತು ಎಂಬುದು: ಇವನ್ನೆಲ್ಲ ವೈದ್ಯರ ಚೀಟಿ ನಿರ್ಧರಿಸುವುದಿಲ್ಲ. ಹೆರಿಗೆ ಕೋಣೆಯಲ್ಲಿ ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕತ್ತರಿಸಿದರೆ ಮಗುವಿಗೆ ಇನ್ನಷ್ಟು ರಕ್ತ, ಅದರೊಂದಿಗೆ ಕಬ್ಬಿಣ ಸಿಗುತ್ತದೆ. ಖರ್ಚಿಲ್ಲದ ಈ ಉಪಾಯ ಪ್ರತಿ ಆಸ್ಪತ್ರೆಯಲ್ಲೂ ನಡೆಯಲೇಬೇಕು. ಅಲ್ಲಿಂದಾಚೆಗಿನದು ಮನೆ, ಕೂಲಿ, ಹೊತ್ತಿನ ಪ್ರಶ್ನೆ.

ತೋಟದ ಕೆಲಸ ವರ್ಷವಿಡೀ ಹೆಂಗಸರ ಕೈಯಲ್ಲೇ ಹೆಚ್ಚು. ಚಿಗುರು ತೆಗೆಯುವುದು, ಕಳೆ, ಗೊಬ್ಬರ, ಆಮೇಲೆ ಕುಯ್ಲು, ಕಣದಲ್ಲಿ ಒಣಗಿಸುವುದು. ಕುಯ್ಲಿನಲ್ಲಿ ಅನೇಕ ಕಡೆ ಕಿಲೋ ಲೆಕ್ಕದ ಕೂಲಿ. ದಿನಗೂಲಿಯಲ್ಲಿ ಕೂಸಿಗೆ ಹಾಲುಣಿಸಲು ಎದ್ದು ಹೋದರೆ ಮೇಸ್ತ್ರಿಯ ಮಾತು ಕೇಳಬೇಕು. ಕಿಲೋ ಲೆಕ್ಕದಲ್ಲಿ ಎದ್ದು ಹೋದರೆ ಆ ದಿನದ ದುಡ್ಡೇ ಕಡಿಮೆಯಾಗುತ್ತದೆ. ಹೀಗೆ ಹೊರಗಿನವರು ಯಾರೂ ತಡೆಯದೆಯೇ ತಾಯಿ ತನ್ನನ್ನು ತಾನೇ ತಡೆದುಕೊಳ್ಳುತ್ತಾಳೆ. ಕೂಸು ಎಲ್ಲಿರುತ್ತದೆ? ಅತ್ತೆಯೋ ಅಮ್ಮನೋ ಲೈನ್ ಮನೆಯಲ್ಲಿದ್ದರೆ ಅವರ ಬಳಿ. ಅವರಿಗೂ ಕುಯ್ಲಿನಲ್ಲಿ ಕೆಲಸವಿರುವುದರಿಂದ ಎಷ್ಟೋ ಸಲ ಎಂಟು ಹತ್ತು ವರ್ಷದ ಅಕ್ಕನ ಬಳಿ, ಅಂದರೆ ಶಾಲೆ ಬಿಟ್ಟ ಹುಡುಗಿಯ ಬಳಿ. ಇಲ್ಲವಾದರೆ ಗಿಡದ ಸಾಲಿನ ಹತ್ತಿರ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ. ಕಾಡಾನೆಗಳು ತಿರುಗುವ ತೋಟದಲ್ಲಿ ಜೋಲಿ ಕಟ್ಟುವುದು ಎಂದರೆ ಏನು ಎಂದು ಮೂಡಿಗೆರೆ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಇಂಥ ದಿನದಲ್ಲಿ ಕೂಸಿನ ಬಾಯಿಗೆ ಬೀಳುವುದು ಅಕ್ಕಿ ಗಂಜಿ, ಬಿಸ್ಕತ್ತು, ಕಾಫಿಯಲ್ಲಿ ಅದ್ದಿದ ಬ್ರೆಡ್ಡು. ಹಸಿವು ಅಡಗುತ್ತದೆ, ಕಬ್ಬಿಣ ಸಿಗುವುದಿಲ್ಲ. ಭಾರತದಲ್ಲಿ 6ರಿಂದ 23 ತಿಂಗಳ ಮಕ್ಕಳ ಪೈಕಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಸಿಗುವವರು ಶೇ 11.3 ಮಾತ್ರ ಎಂದು 2019–21ರ ಸಮೀಕ್ಷೆ ತಿಳಿಸಿದೆ.

ಇಲ್ಲಿ ಬರುವ ಮೊದಲ ಆಕ್ಷೇಪ, ಇದು ಅರಿವಿನ ಕೊರತೆ ಎಂಬುದು. ಮಲೆನಾಡಿನಲ್ಲಿ ಸೊಪ್ಪಿಗೇನು ಬರವೇ, ನುಗ್ಗೆಯಿದೆ, ಕೆಸುವಿದೆ, ಹೊನಗೊನ್ನೆಯಿದೆ, ಹಳ್ಳದಲ್ಲಿ ಮೀನು ಏಡಿಗಳಿವೆ, ನೆಲ್ಲಿಕಾಯಿಯಿದೆ, ತಾಯಂದಿರಿಗೆ ಹೇಳಿಕೊಟ್ಟರೆ ಸಾಕು ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯದ ಪಾಲಿದೆ. ಕಾಫಿಯ ವಿಷಯವನ್ನೇ ತೆಗೆದುಕೊಳ್ಳಿ. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಆಹಾರದ ಕಬ್ಬಿಣ ಮೈಗೆ ಹತ್ತುವುದು ಶೇ 39ರಷ್ಟು ತಗ್ಗುತ್ತದೆ, ಚಹಾ ಕುಡಿದರೆ ಶೇ 64ರಷ್ಟು ಎಂದು 1983ರ ಪ್ರಯೋಗವೊಂದು ತೋರಿಸಿತ್ತು. ನಮ್ಮ ಹಾಗೆಯೇ ಕಾಫಿ ಬೆಳೆಯುವ ಕೋಸ್ಟರೀಕದಲ್ಲಿ ಬಸುರಿಯರನ್ನು ಗಮನಿಸಿದ 1988ರ ಅಧ್ಯಯನದಲ್ಲಿ, ಕಾಫಿ ಕುಡಿಯುವ ತಾಯಂದಿರ ಹಿಮೋಗ್ಲೋಬಿನ್ ಕಡಿಮೆ, ಅವರ ಕೂಸುಗಳದೂ ಕಡಿಮೆ, ಎದೆಹಾಲಿನ ಕಬ್ಬಿಣವೂ ಕಡಿಮೆ ಇತ್ತು. ಊಟಕ್ಕೂ ಕಾಫಿಗೂ ಒಂದೆರಡು ಗಂಟೆ ಅಂತರವಿರಲಿ, ಸಣ್ಣ ಮಕ್ಕಳಿಗೆ ಕಾಫಿ ಬೇಡವೇ ಬೇಡ ಎಂಬ ಬುದ್ಧಿಮಾತನ್ನು ಈ ಬೆಟ್ಟಗಳಲ್ಲಿ ಬೇರೆಲ್ಲಿಗಿಂತ ಗಟ್ಟಿಯಾಗಿ ಹೇಳಬೇಕು. ಆದರೆ ಹೇಳುವವರು ಮುಂದಿನ ಪ್ರಶ್ನೆಯನ್ನೂ ಕೇಳಬೇಕು. ತೋಟದಲ್ಲಿ ಊಟಕ್ಕೆ ಸಿಗುವ ಬಿಡುವು ಒಂದೇ ಆಗಿದ್ದರೆ ಊಟ, ಕಾಫಿ ಎರಡನ್ನೂ ಬೇರೆ ಮಾಡುವುದು ಯಾವಾಗ? ಬೆಳಗಿನ ಚಳಿಯಲ್ಲಿ ಬೆಲ್ಲದ ಕರಿಕಾಫಿಯೇ ಅರ್ಧ ತಿಂಡಿಯಾಗಿರುವಾಗ ಅದರ ಜಾಗಕ್ಕೆ ಇಡುವುದು ಏನನ್ನು? ಸೊಪ್ಪು ಕಿತ್ತು, ಸೋಸಿ, ಬೇಯಿಸಲು ಬೆಳಕಿರುವ ಹೊತ್ತು ಬೇಕು. ಹಿತ್ತಲಲ್ಲಿ ಕೋಳಿ ಸಾಕಲು ಜಾಗ ಬೇಕು, ಲೈನ್ ಮನೆಯಲ್ಲಿರುವವರಿಗೆ ತೋಟದವರ ಒಪ್ಪಿಗೆಯೂ ಬೇಕು. ಹಣ್ಣು ಕುಯ್ಯಲು ಬೆಟ್ಟವೇರಿದವಳು ಏಡಿ ಹಿಡಿಯಲು ಹಳ್ಳಕ್ಕೆ ಇಳಿಯುವುದು ಯಾವ ಹೊತ್ತಿನಲ್ಲಿ? ತಿಳಿವಳಿಕೆ ಕೆಲಸಕ್ಕೆ ಬರಬೇಕಾದರೆ ಅದನ್ನು ನಡೆಸುವ ಹೊತ್ತು, ಕಾಸು ಕೈಯಲ್ಲಿರಬೇಕು. ಇಲ್ಲದಿದ್ದರೆ ಉಪದೇಶ ಕೇಳಿದ ತಾಯಿಗೆ ಉಳಿಯುವುದು ತಪ್ಪಿತಸ್ಥ ಭಾವ ಮಾತ್ರ. ಇದನ್ನು ನಾನು ಕ್ರೂರ ಎಂದೇ ಕರೆಯುತ್ತೇನೆ.

ರಕ್ತಹೀನತೆಗೆ ನೆಲದಿಂದ ಬರುವ ಕಾರಣವೂ ಒಂದಿದೆ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅದರ ಮರಿ ಬೆಳೆಯುವುದು ನೆರಳಿನ, ತೇವದ, ಮಲ ಬೆರೆತ ಮಣ್ಣಿನಲ್ಲಿ. ಬರಿಗಾಲಿನ ಚರ್ಮದ ಮೂಲಕ ಅದು ಮೈ ಸೇರುತ್ತದೆ. ಮರದ ನೆರಳಿನ ಕಾಫಿ ತೋಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ಫೆಬ್ರುವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಂದು ಮಾತ್ರೆ ಹಂಚುತ್ತಾರೆ, ಒಳ್ಳೆಯದು. ಆದರೆ ತೋಟದ ಒಳಗೆ ಶೌಚಾಲಯವಿಲ್ಲದಿದ್ದರೆ ಹುಳು ಮತ್ತೆ ಅದೇ ದಾರಿಯಲ್ಲಿ ಬರುತ್ತದೆ. ಶೌಚಾಲಯ, ಕಾಲಿಗೆ ಬೂಟು: ಇವೆರಡೂ ಕೆಲಸದ ಜಾಗದ ಏರ್ಪಾಟುಗಳು, ಕೆಲಸ ಕೊಡುವವರ ಹೊಣೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಓದಿದ ತಾಯಂದಿರ, ಉಳ್ಳವರ ಮನೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆಯಲ್ಲ, ಹಾಗಿದ್ದ ಮೇಲೆ ತಾಯಿಯ ಸಾಮಾಜಿಕ ಸ್ಥಿತಿಯನ್ನು ದೂರುವುದೇಕೆ? ಸಂಗತಿ ನಿಜ. ತಾಯಿಯ ಓದು ಹೆಚ್ಚಿದಂತೆ, ಮನೆಯ ಸ್ಥಿತಿ ಸುಧಾರಿಸಿದಂತೆ ರಕ್ತಹೀನತೆ ಇಳಿಯುತ್ತದೆ, ಆದರೆ ಮಾಯವಾಗುವುದಿಲ್ಲ. ಧಾನ್ಯವೇ ಮುಖ್ಯವಾದ ಊಟದಲ್ಲಿ ಕಬ್ಬಿಣ ಮೈಗೆ ಹತ್ತುವುದೇ ಕಡಿಮೆ, ಆ ಊಟ ಎಲ್ಲ ವರ್ಗಗಳಲ್ಲೂ ಇದೆ. ಕೆಲವು ಸಮುದಾಯಗಳಲ್ಲಿ ಹುಟ್ಟಿನಿಂದ ಬರುವ ರಕ್ತದ ತೊಂದರೆಗಳಿವೆ, ಫೋಲೇಟ್ ಮತ್ತು ಬಿ12 ಕೊರತೆಗಳಿವೆ. ನನ್ನ ವಾದ ಎಲ್ಲವನ್ನೂ ತಾಯಿಯ ದುಡಿಮೆಗೆ ಕಟ್ಟುವುದಿಲ್ಲ. ಆದರೆ ಗಡಿಯಾಚೆ ಒಮ್ಮೆ ನೋಡಬೇಕು. ವಯನಾಡಿನಲ್ಲಿ ಬೆಳೆಯುವುದೂ ಕಾಫಿಯೇ, ಘಟ್ಟ ಅದೇ, ಮಳೆಯೂ ಅದೇ ಬಗೆಯದು. 2019–21ರಲ್ಲಿ ಕೇರಳದ ಮಕ್ಕಳ ರಕ್ತಹೀನತೆ ಶೇ 39.4, ಹೆಂಗಸರದು ಶೇ 36.3. ಅಳೆದದ್ದು ಒಂದೇ ಸಮೀಕ್ಷೆ, ಒಂದೇ ಉಪಕರಣ, ಒಂದೇ ಮಿತಿ. ಮೀನು ತಿನ್ನುವ ರೂಢಿ ಒಂದು ಪಾಲಿನ ಕಾರಣವಿರಬಹುದು. ಆದರೆ ಮೂರು ತಲೆಮಾರಿನಿಂದ ಓದು ಬಲ್ಲ ಹೆಂಗಸರು, ತಡವಾದ ಮದುವೆ, ಕಡಿಮೆ ಹೆರಿಗೆ, ಹತ್ತಿರದ ಆಸ್ಪತ್ರೆ, ಭೂಸುಧಾರಣೆ ಇವುಗಳನ್ನು ಬಿಟ್ಟು ಈ ಅಂತರವನ್ನು ವಿವರಿಸುವುದು ಕಷ್ಟ. ಅಲ್ಲಿನ ತೋಟಗಳ ಬದುಕು ಸುಖದ್ದೆಂದು ಹೇಳುತ್ತಿಲ್ಲ; 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಚಹಾ ತೋಟಗಳ ಹೆಂಗಸರು ಬೀದಿಗಿಳಿದದ್ದು ಕೂಲಿ ಮತ್ತು ಬೋನಸ್ಸಿಗಾಗಿ. ಹಾಗೆ ತಾವೇ ಒಟ್ಟಾಗಿ ಕೇಳಬಲ್ಲ ಸ್ಥಿತಿಯಲ್ಲಿ ಅವರಿದ್ದರು ಎಂಬುದೂ ಸಾಮಾಜಿಕ ಸ್ಥಿತಿಯ ಭಾಗವೇ.

ಸಿರಪ್ಪು, ಸಾರವರ್ಧಿತ ಅಕ್ಕಿ ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 2018ರಲ್ಲಿ ಆರಂಭವಾದ ಅನೀಮಿಯ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಸಿರಪ್ಪು ಕೊಡಬೇಕು, ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಸಿರಪ್ಪು ಬೇಕು, ಅದನ್ನು ಹೀಗಳೆಯುವುದು ತಪ್ಪಾಗುತ್ತದೆ. ಆದರೆ ಶೀಶೆ ಮನೆಗೆ ಬಂದ ಮೇಲೆ ವಾರಕ್ಕೆರಡು ಸಲ ನೆನಪಿಟ್ಟು ಅಳೆದು ಕೊಡುವವರು ಯಾರು ಎಂದರೆ ಮತ್ತೆ ಅದೇ ತಾಯಿ ಅಥವಾ ಅದೇ ಹತ್ತು ವರ್ಷದ ಅಕ್ಕ. ಮಲ ಕಪ್ಪಾದರೆ ಹೆದರಿ ನಿಲ್ಲಿಸಿದಾಗ ಧೈರ್ಯ ಹೇಳಲು ಹಗಲಲ್ಲಿ ಬರುವ ಆಶಾ ಕಾರ್ಯಕರ್ತೆಗೆ ತಾಯಿ ಸಿಗುವುದೇ ಇಲ್ಲ, ಅವಳು ತೋಟದಲ್ಲಿರುತ್ತಾಳೆ. ಪಡಿತರದ ಸಾರವರ್ಧಿತ ಅಕ್ಕಿಯಿಂದ ದೊಡ್ಡವರಿಗೆ ಒಂದಿಷ್ಟು ಕಬ್ಬಿಣ ಸಿಕ್ಕೀತು. ನಾಲ್ಕು ಚಮಚ ಗಂಜಿ ಕುಡಿಯುವ ಎಂಟು ತಿಂಗಳ ಕೂಸಿಗೆ ಅದರಿಂದ ಸಿಗುವುದು ಅಲ್ಪ. 2021ರಲ್ಲಿ ಬಾಂಗ್ಲಾದೇಶದ ಹಳ್ಳಿಗಳ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬಂತು. ಎಂಟು ತಿಂಗಳ ಸುಮಾರು 3,300 ಕೂಸುಗಳನ್ನು ಗುಂಪು ಮಾಡಿ, ಕೆಲವಕ್ಕೆ ಮೂರು ತಿಂಗಳು ಕಬ್ಬಿಣ ಕೊಟ್ಟು ನೋಡಲಾಯಿತು. ಕಬ್ಬಿಣ ಪಡೆದವರಲ್ಲಿ ರಕ್ತಹೀನತೆ ಇಳಿಯಿತು, ಆದರೆ ಬುದ್ಧಿಯ ಬೆಳವಣಿಗೆಯ ಅಳತೆಯಲ್ಲಿ ಲಾಭ ಕಾಣಲಿಲ್ಲ. ಇನ್ನೊಂದು ಕಡೆ, ಕೋಸ್ಟರೀಕದಲ್ಲಿ ಶೈಶವದಲ್ಲಿ ಕಬ್ಬಿಣದ ತೀವ್ರ ಕೊರತೆಯಾಗಿದ್ದ ಮಕ್ಕಳನ್ನು 19 ವರ್ಷದವರೆಗೆ ಹಿಂಬಾಲಿಸಿ ನೋಡಿದ ಬೆಟ್ಸಿ ಲೊಜಾಫ್ ಅವರ ತಂಡಕ್ಕೆ, ಚಿಕಿತ್ಸೆಯಾದ ಮೇಲೂ ಅವರು ಕಲಿಕೆಯಲ್ಲಿ ಹಿಂದುಳಿದದ್ದು ಕಂಡಿತು, ಬಡ ಮನೆಗಳ ಮಕ್ಕಳಲ್ಲಿ ಆ ಅಂತರ ಇನ್ನಷ್ಟು ಹಿಗ್ಗಿತ್ತು. ಈ ಎರಡನ್ನೂ ಜೊತೆಗಿಟ್ಟು ಓದಿದರೆ ನನಗೆ ತೋರುವುದು ಇಷ್ಟು: ಕೊರತೆಯಾದ ಮೇಲೆ ತುಂಬುವುದಕ್ಕಿಂತ ಆಗದಂತೆ ನೋಡಿಕೊಳ್ಳುವುದು ಮೇಲು, ಮತ್ತು ಮಗುವಿಗೆ ಕಬ್ಬಿಣದ ಜೊತೆಗೆ ಹೊಟ್ಟೆ ತುಂಬ ಊಟ, ಮಾತಾಡಿಸುವ ಜನ, ಆಟ ಎಲ್ಲವೂ ಬೇಕು. ಇವೆಲ್ಲ ಹಗಲಿನಲ್ಲಿ ಒಬ್ಬ ದೊಡ್ಡವರ ಹಾಜರಿಯನ್ನು ಕೇಳುತ್ತವೆ.

ಇದನ್ನು ನಮ್ಮ ಕಾನೂನು ಬಹಳ ಹಿಂದೆಯೇ ಅರಿತಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆಯ 12ನೇ ಕಲಮು 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. 1981ರ ತಿದ್ದುಪಡಿ ಗುತ್ತಿಗೆಯ ಹೆಂಗಸರನ್ನೂ ಲೆಕ್ಕಕ್ಕೆ ತಂದು, 20 ಮಕ್ಕಳಿದ್ದರೂ ಕೇಂದ್ರ ಬೇಕು ಎಂದು ಸೇರಿಸಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ತೋಟಗಳಿಗೂ ಅನ್ವಯಿಸುತ್ತಿತ್ತು, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಕೊಡುತ್ತಿತ್ತು. ಈಗ ಇವೆಲ್ಲ 2020ರ ಕಾರ್ಮಿಕ ಸಂಹಿತೆಗಳ ಒಳಗೆ ಸೇರಿವೆ. ತೊಡಕಿರುವುದು ಗಡಿಗೆರೆಗಳಲ್ಲಿ. ದೇಶದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಸಣ್ಣ ಹಿಡುವಳಿಯವರು. ಇಂಥ ಒಂದೊಂದು ತೋಟದಲ್ಲಿ ಐದು ಹತ್ತು ಹೆಂಗಸರು ಇರುತ್ತಾರೆ, ಐವತ್ತು ಆಗುವುದಿಲ್ಲ. ಇಡೀ ಕಣಿವೆಯಲ್ಲಿ ನೂರಾರು ತಾಯಂದಿರು ದುಡಿದರೂ ಕಾನೂನಿನ ಕಣ್ಣಿಗೆ ಕೇಂದ್ರ ಬೇಕಾದ ತೋಟ ಒಂದೂ ಇಲ್ಲದಿರಬಹುದು. ಹೆರಿಗೆ ರಜೆಯ 26 ವಾರಗಳಲ್ಲಿ ಗರಿಷ್ಠ 8 ವಾರ ಹೆರಿಗೆಗೆ ಮೊದಲು. ಅಲ್ಲಿಗೆ ಹೆರಿಗೆಯ ನಂತರ ಉಳಿಯುವುದು ನಾಲ್ಕರಿಂದ ಆರು ತಿಂಗಳು. ಕೂಸಿನ ಸಂಗ್ರಹ ಮುಗಿದು ಗಟ್ಟಿ ಆಹಾರ ತೊಡಗಬೇಕಾದ ಹೊತ್ತಿಗೆ ಸರಿಯಾಗಿ ತಾಯಿ ಕೆಲಸಕ್ಕೆ ಮರಳುತ್ತಾಳೆ. ಅದೂ ಹಿಂದಿನ 12 ತಿಂಗಳಲ್ಲಿ ಒಬ್ಬರ ಬಳಿ 80 ದಿನ ದುಡಿದ ದಾಖಲೆಯಿದ್ದರೆ. ಕುಯ್ಲಿಗೆಂದು ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ನಿಂದಲೋ ಬಯಲುಸೀಮೆಯಿಂದಲೋ ಗುತ್ತಿಗೆದಾರರ ಮೂಲಕ ಬಂದು, ತೋಟದಿಂದ ತೋಟಕ್ಕೆ ಹೋಗುವ ಹೆಂಗಸಿನ ಹೆಸರು ಯಾವ ಹಾಜರಿ ಪುಸ್ತಕದಲ್ಲಿರುತ್ತದೆ? ಅವಳ ತಾಯಿ ಕಾರ್ಡು, ಪಡಿತರ ಚೀಟಿ ಎಲ್ಲವೂ ಊರಲ್ಲಿ. ಅವಳ ಮಗು ಇಲ್ಲಿ.

ಅಂಗನವಾಡಿಗಳು ಈ ಜಾಗ ತುಂಬುತ್ತವೆ ಎಂದುಕೊಳ್ಳುವುದು ಸಹಜ. 1975ರಿಂದ ನಡೆದು ಬಂದ ಈ ವ್ಯವಸ್ಥೆ ದೊಡ್ಡದು, ಅದರ ಕಾರ್ಯಕರ್ತೆಯರ ದುಡಿಮೆಯೂ ದೊಡ್ಡದು. ಆದರೆ ಅಂಗನವಾಡಿಯಲ್ಲಿ ಕೂರಿಸಿಕೊಂಡು ಊಟ ಕೊಡುವುದು ಮೂರು ವರ್ಷ ತುಂಬಿದ ಮಕ್ಕಳಿಗೆ. ಆರು ತಿಂಗಳಿಂದ ಮೂರು ವರ್ಷದವರೆಗಿನವರಿಗೆ ಸಾಮಗ್ರಿಯನ್ನು ಮನೆಗೆ ಕೊಡುತ್ತಾರೆ, ಅಂದರೆ ಅತಿ ಅಪಾಯದ ವಯಸ್ಸಿನವರ ಹೊಣೆ ಮತ್ತೆ ತಾಯಿಯ ಹೊತ್ತಿನ ಮೇಲೆ ಬೀಳುತ್ತದೆ. 2017ರ ಅಕ್ಟೋಬರ್ 2ರಿಂದ ರಾಜ್ಯಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮೊಟ್ಟೆ, ಹಾಲು ಸಹಿತ ಬಿಸಿಯೂಟ ಕೊಡಲು ಹೊರಟಿತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಹೆಂಗಸಿಗೆ ಅವಳದೇ ಪಾಲು ಸಿಗಲಿ ಎಂಬ ಅದರ ಯೋಚನೆ ಸರಿಯಾದದ್ದೇ. ಆದರೆ ಒಂಟಿ ಮನೆಗಳ ಮಲೆನಾಡಿನಲ್ಲಿ ಏಳು ತಿಂಗಳ ಬಸುರಿ ಒಂದು ಊಟಕ್ಕಾಗಿ ಬೆಟ್ಟ ಹತ್ತಿ ಇಳಿಯಬೇಕೆ ಎಂಬ ದೂರು ಆರಂಭದಿಂದಲೇ ಕೇಳಿಬಂತು. ಕೂಲಿಗೆ ಹೋದವಳಿಗಂತೂ ಮಧ್ಯಾಹ್ನ ಅಲ್ಲಿಗೆ ತಲುಪುವುದು ಆಗದ ಮಾತು. ಬಯಲಿನ ಒತ್ತೊತ್ತಾದ ಹಳ್ಳಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಏರ್ಪಾಟು ಕಳಸದ ಕಣಿವೆಗೆ ಹೊಂದಲಿಲ್ಲ.

ದುಡ್ಡಿನ ಮಾತೂ ಇದೆ. ಗಂಡ ಹೆಂಡತಿ ಒಟ್ಟಿಗೆ ಕುಯ್ದ ಹಣ್ಣಿನ ಲೆಕ್ಕ ಒಂದೇ ಹೆಸರಿನಲ್ಲಿ ಬರೆದಾಗ ಬಟವಾಡೆಯ ದಿನ ದುಡ್ಡು ಅವನ ಕೈಗೆ ಹೋಗುತ್ತದೆ; ಮುಂಗಡದ ಸಾಲ ಮುರಿದುಕೊಂಡು, ಹೆಂಡದಂಗಡಿ ದಾಟಿ ಮನೆಗೆ ಬರುವುದು ಎಷ್ಟೋ ಅಷ್ಟು. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರುತ್ತಿರುವುದು ಈ ದೃಷ್ಟಿಯಿಂದ ಮುಖ್ಯ, ಅದನ್ನು ಬಿಟ್ಟಿ ಭಾಗ್ಯ ಎಂದು ಜರೆಯುವವರ ಜೊತೆ ನನ್ನ ಸಹಮತವಿಲ್ಲ. ತಿಂಗಳಿಗೆ ಮೂವತ್ತು ಮೊಟ್ಟೆ ಕೊಳ್ಳುವ ನಿರ್ಧಾರವನ್ನು ಯಾರನ್ನೂ ಕೇಳದೆ ತೆಗೆದುಕೊಳ್ಳಲು ಆಗುವುದು ತಾಯಿಗೆ ಸಣ್ಣ ಸಂಗತಿಯಲ್ಲ. ಆದರೆ ಅತ್ತೆಯ ಹೆಸರಿನ ಚೀಟಿಯಲ್ಲಿರುವ ಎಳೆಯ ಸೊಸೆಗೂ, ಹೊರರಾಜ್ಯದ ಕೂಲಿ ಹೆಂಗಸಿಗೂ ಅದು ತಲುಪುವುದಿಲ್ಲ. ಕೂಲಿಯ ಲೆಕ್ಕವನ್ನು ಅವಳ ಹೆಸರಿನಲ್ಲೇ ಬರೆದು ಅವಳ ಕೈಗೇ ಕೊಡುವುದಕ್ಕೆ ಸರ್ಕಾರದ ಯೋಜನೆ ಬೇಕಿಲ್ಲ, ತೋಟದ ರೈಟರ್ ಮನಸ್ಸು ಮಾಡಿದರೆ ಸಾಕು.

ಬೆಳೆಗಾರರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಫಿಯ ಬೆಲೆ ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಯ ಮೇಲೆ ಏರಿಳಿಯುತ್ತದೆ. ಹೂಮಳೆ ತಪ್ಪಿದರೆ, ಅಕಾಲದ ಮಳೆಗೆ ಹಣ್ಣು ಉದುರಿದರೆ ಸಣ್ಣ ಬೆಳೆಗಾರ ಮುಳುಗುತ್ತಾನೆ. ಎರಡು ಮೂರು ಎಕರೆಯವನು ಶಿಶುಪಾಲನಾ ಕೇಂದ್ರ ನಡೆಸುವುದು ಹೇಗೆ? ಅವನೊಬ್ಬನೇ ನಡೆಸಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ಇದನ್ನು ಬರೀ ಖರ್ಚು ಎಂದು ನೋಡುವುದೂ ಸರಿಯಲ್ಲ. ಇಂಡೊನೇಷ್ಯದ ರಬ್ಬರ್ ತೋಟದ ಕೂಲಿಗಳ ಮೇಲೆ, ಶ್ರೀಲಂಕಾದ ಚಹಾ ಕೀಳುವ ಹೆಂಗಸರ ಮೇಲೆ ನಡೆದ ಅಧ್ಯಯನಗಳೆರಡೂ 1979ರಲ್ಲಿ ಪ್ರಕಟವಾದವು. ಕಬ್ಬಿಣ ಕೊಟ್ಟ ಮೇಲೆ ರಕ್ತಹೀನರ ದುಡಿಮೆ ಹೆಚ್ಚಿತು ಎಂಬುದು ಎರಡರಲ್ಲೂ ಕಂಡ ಫಲ. ತಾಯಿಯ ರಕ್ತ ಸುಧಾರಿಸಿದರೆ ಮೊದಲು ತುಂಬುವುದು ತೋಟದ ಚೀಲವೇ. ಕುಯ್ಲಿಗೆ ಆಳು ಸಿಗುವುದಿಲ್ಲ ಎಂಬ ದೂರು ಈ ಸೀಮೆಯಲ್ಲಿ ಪ್ರತಿ ವರ್ಷದ್ದು. ಕೂಸನ್ನು ನೋಡಿಕೊಳ್ಳುವವರಿದ್ದರೆ ಬರಬಲ್ಲ ಹೆಂಗಸರು ಎಷ್ಟು ಮಂದಿ ಮನೆಯಲ್ಲಿದ್ದಾರೆ ಎಂದು ಆ ದೂರು ಹೇಳುವವರು ಎಣಿಸಿದಂತಿಲ್ಲ.

ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ಛತ್ತೀಸಗಡದ ಬಿಲಾಸ್‌ಪುರ ಸೀಮೆಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗಾಗಿ ಫುಲವಾರಿ ಎಂಬ ಪುಟ್ಟ ಕೇಂದ್ರಗಳನ್ನು ನಡೆಸಿ ತೋರಿಸಿದೆ. ಊರಿನದೇ ಹೆಂಗಸು, ಒಂದಷ್ಟು ಮಕ್ಕಳು, ದಿನಕ್ಕೆ ಹಲವು ಸಲ ಊಟ, ಕಬ್ಬಿಣದ ಔಷಧ, ಅಷ್ಟೇ. ನಮ್ಮಲ್ಲಿಯೇ 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಯೋಜನೆ ಪ್ರಕಟವಾಯಿತು, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ. ಕಾಫಿ ಸೀಮೆಯಲ್ಲಿ ಹೆಂಗಸರು ದುಡಿಯುವುದು ಹೆಚ್ಚಾಗಿ ತೋಟದಲ್ಲಿ. ಆದ್ದರಿಂದ ಇಲ್ಲಿ ಕೂಸಿನ ಮನೆಯ ಬಾಗಿಲು ತೋಟದ ಕೂಲಿಯ ಮಕ್ಕಳಿಗೂ, ಚೀಟಿ ಎಲ್ಲಿಯದೇ ಇರಲಿ, ತೆರೆಯಬೇಕು. ಪಂಚಾಯಿತಿ ಕೇಂದ್ರಕ್ಕೆ ಒಂದರ ಬದಲು ಕಣಿವೆಗೊಂದು, ಲೈನ್ ಮನೆಗಳಿಂದ ನಡೆದು ಹೋಗುವ ದೂರದಲ್ಲಿ. ಕುಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಏಳೂವರೆಗೆ ತೆರೆದು ಸಂಜೆ ತಾಯಿ ಬರುವವರೆಗೆ. ಬೇಳೆ ಸೊಪ್ಪಿನ ಮೆತ್ತನೆ ಅನ್ನ, ದಿನಕ್ಕೊಂದು ಮೊಟ್ಟೆ, ವಾರದಲ್ಲಿ ಗೊತ್ತಾದ ಎರಡು ದಿನ ಸಿರಪ್ಪು. ದೊಡ್ಡ ತೋಟಗಳಿಗೆ ಕಾನೂನಿನ ಹೊಣೆ ಹಾಗೆಯೇ ಇರಲಿ. ಸಣ್ಣ ಬೆಳೆಗಾರರು ಸಂಘದ ಮೂಲಕ 50 ಕಿಲೋ ಚೀಲಕ್ಕೆ ಇಷ್ಟು ರೂಪಾಯಿ ಎಂದು ಎತ್ತಿಟ್ಟು ಪಂಚಾಯಿತಿಯ ಖರ್ಚಿನ ಜೊತೆ ಸೇರಿಸಬಹುದು. 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು, ಇಂಥ ನಿಧಿ ಆರಂಭಿಸುವ ಮಾತನ್ನು ಬೆಳೆಗಾರರ ಸಂಘಗಳು ಈಗಲಾದರೂ ಎತ್ತಿಕೊಳ್ಳಬೇಕು. ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಲೈನ್ ಮನೆಯದೇ ಹಿರಿಯ ಹೆಂಗಸನ್ನು ಗೊತ್ತುಮಾಡಿ ತರಬೇತಿ ಕೊಡಲು ಮಳೆಗಾಲದ ತಿಂಗಳುಗಳು ಸಾಕು, ನವೆಂಬರಿನಲ್ಲಿ ಅರೇಬಿಕ ಹಣ್ಣಾಗುವ ಮೊದಲೇ ಕೇಂದ್ರ ಸಿದ್ಧವಿರುತ್ತದೆ.